ಸುರಸುರಬತ್ತಿಯ ತಂತಿ: ಪಟಾಕಿ ಸುರಕ್ಷತೆಯನ್ನು ಎರಡು ಶಾಲೆಗಳಲ್ಲಿ ಕಲಿಸಿದಾಗ

2024ರ ಅಕ್ಟೋಬರ್ ಕೊನೆಯ ವಾರ ನಮ್ಮ ತಂಡ ಬೆಳಗಾವಿ ನಗರದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದಲ್ಲಿತ್ತು. ನನಗೆ ಬಂದದ್ದು ಎಂಟನೇ ತರಗತಿಯ ವಿಜ್ಞಾನ, ಪಾಠ ‘ದಹನ ಮತ್ತು ಜ್ವಾಲೆ’. ದೀಪಾವಳಿಗೆ ಎರಡು ದಿನ ಬಾಕಿ. ಅವಧಿಯ ಕೊನೆಯ ಹದಿನೈದು ನಿಮಿಷವನ್ನು ಪಟಾಕಿ ಸುರಕ್ಷತೆಗೆಂದು ಪಾಠಯೋಜನೆಯಲ್ಲಿ ಮೊದಲೇ ತೆಗೆದಿಟ್ಟಿದ್ದೆ. ಡ್ರಾಯಿಂಗ್ ಶೀಟಿನ ಮೇಲೆ ಎರಡು ಬಣ್ಣದಲ್ಲಿ ಹನ್ನೆರಡು ನಿಯಮ ಬರೆದು ತಂದಿದ್ದೆ. ಮಕ್ಕಳು ಒಕ್ಕೊರಲಿನಿಂದ ಓದಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಸಹಪಾಠಿ ವೀಕ್ಷಕರು ‘ಜೀವನಕ್ಕೆ ಹತ್ತಿರವಾದ ಪಾಠ, ಉತ್ತಮ’ ಎಂದು ಟಿಪ್ಪಣಿ ಬರೆದರು. ನನಗೂ ಪಾಠ ಚೆನ್ನಾಗಿ ಆಯಿತೆಂದೇ ಅನಿಸಿತ್ತು.

ರಜೆ ಮುಗಿಸಿ ಬಂದ ದಿನ ಒಬ್ಬ ಹುಡುಗ ನನ್ನ ಹತ್ತಿರ ಬಂದು ನಿಂತ. ಅವನ ನಾಲ್ಕು ವರ್ಷದ ತಂಗಿಯ ಅಂಗಾಲು ಸುಟ್ಟಿತ್ತು. “ನೀವ ಸಣ್ಣವರಿಗೆ ಫುಲಬಾಜಿ ಕೊಡಬೋದು ಅಂದಿದ್ರಿ, ಟೀಚರ್” ಎಂದ. ದೂರುವ ದನಿಯಲ್ಲ, ಲೆಕ್ಕ ಎಲ್ಲಿ ತಪ್ಪಿತು ಎಂದು ಕೇಳುವಂತಿತ್ತು. “ಆಕಿ ಕೈಯಾಗ ಹಿಡಿದಿರಲಿಲ್ಲ. ನಾನು ಹಚ್ಚಿ ಮುಗಿಸಿ ಕೆಳಗ ಒಗದಿದ್ದೆ. ಅದನ್ನ ತುಳದಾಳು.”

ನನ್ನ ಹಾಳೆಯ ಮೂರನೇ ನಿಯಮ ಹೀಗಿತ್ತು: ‘ಚಿಕ್ಕ ಮಕ್ಕಳು ಸುರಸುರಬತ್ತಿ, ಹೂಕುಂಡಗಳನ್ನು ಮಾತ್ರ ಹಚ್ಚಬೇಕು.’ ಉರಿದು ಮುಗಿದ ತಂತಿಯನ್ನು ಏನು ಮಾಡಬೇಕು ಎಂಬ ಒಂದು ಮಾತೂ ಆ ಹನ್ನೆರಡರಲ್ಲಿ ಇರಲಿಲ್ಲ. ಆ ಹುಡುಗ ನಿಯಮ ಮುರಿದಿರಲಿಲ್ಲ, ನಾನು ಬರೆದಂತೆಯೇ ನಡೆದಿದ್ದ. ಮಗುವಿನ ಕಾಲು ಮೂರು ವಾರದಲ್ಲಿ ವಾಸಿಯಾಯಿತು. ಆದರೆ ಪಟ್ಟಿ ಓದಿಸುವುದಕ್ಕೂ ಕಲಿಸುವುದಕ್ಕೂ ಇರುವ ಅಂತರ ನನಗೆ ಅಂದು ತಿಳಿಯಿತು. ಆಮೇಲೆ ಅದೇ ಶಾಲೆಯಲ್ಲಿ ಒಮ್ಮೆ, ನವೆಂಬರ್ ಎರಡನೇ ವಾರದಲ್ಲಿ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಇನ್ನೊಮ್ಮೆ, ಈ ಪಾಠವನ್ನು ಬೇರೆ ರೀತಿಯಲ್ಲಿ ಮಾಡಿದೆ. ಪ್ರತಿ ನಿಯಮದ ಹಿಂದೆ ಇರುವ ಕಾರಣವನ್ನು ಮಕ್ಕಳೇ ಹುಡುಕುವಂತೆ ಮಾಡುವುದು ನನ್ನ ಉದ್ದೇಶವಾಗಿತ್ತು. ಆಗ ತಿಳಿದುಕೊಂಡದ್ದನ್ನು ಮುಂದಿನ ತಂಡಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ತಂತಿಯನ್ನೇ ನೋಡೋಣ. ಸುರಸುರಬತ್ತಿ ಉರಿಯುವಾಗ ಅದರ ತುದಿಯ ತಾಪ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಅಂದರೆ ಕುದಿಯುವ ನೀರಿನ ಹತ್ತು ಪಟ್ಟು. ಇದನ್ನು ಹೇಳಿದ ಕೂಡಲೇ ಮಕ್ಕಳು ಒಪ್ಪುವುದಿಲ್ಲ. ಕಿಡಿ ಕೈ ಮೇಲೆ ಬಿದ್ದರೂ ಏನೂ ಆಗುವುದಿಲ್ಲವಲ್ಲ ಎನ್ನುತ್ತಾರೆ. ಆ ಮಾತು ಸರಿಯೇ. ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ ಎಂದು ನನಗೆ ಈಗ ಅನಿಸುತ್ತದೆ. ತಾಪ ಬೇರೆ, ಉಷ್ಣ ಬೇರೆ. ಕಿಡಿ ಎಂದರೆ ಉರಿಯುತ್ತಿರುವ ಲೋಹದ ಒಂದು ಕಣ. ಅದರ ತೂಕ ಒಂದು ಮಿಲಿಗ್ರಾಮ್ ಎಂದೇ ಹಿಡಿಯಿರಿ. ಕಬ್ಬಿಣದ ವಿಶಿಷ್ಟೋಷ್ಣವನ್ನು ಹಾಕಿ ಲೆಕ್ಕ ಮಾಡಿದರೆ, ಸಾವಿರ ಡಿಗ್ರಿಯಿಂದ ತಣಿಯುವಾಗ ಅದು ಬಿಟ್ಟುಕೊಡುವ ಉಷ್ಣ ಅರ್ಧ ಜೌಲ್‌ಗಿಂತ ಕಡಿಮೆ. ಚರ್ಮಕ್ಕೆ ಅದು ಚುಚ್ಚಿದಂತೆ ಆಗಿ ಮುಗಿಯುತ್ತದೆ. ತಂತಿಯ ಬಿಸಿ ಭಾಗ ಐದು ಗ್ರಾಮ್, ಅದರ ತಾಪ 500 ಡಿಗ್ರಿ ಎಂದಿಟ್ಟುಕೊಂಡರೂ ಅದರಲ್ಲಿರುವ ಉಷ್ಣ ಸಾವಿರ ಜೌಲ್ ದಾಟುತ್ತದೆ. ಕಿಡಿಗೂ ತಂತಿಗೂ ಎರಡು ಸಾವಿರ ಪಟ್ಟು ವ್ಯತ್ಯಾಸ.

ಎಂಟನೇ ತರಗತಿಗೆ ಈ ಲೆಕ್ಕ ಭಾರ. ಆದ್ದರಿಂದ ಎರಡು ಸ್ಟೀಲ್ ಲೋಟಗಳಲ್ಲಿ ಸಮನಾಗಿ ತಣ್ಣೀರು ತೆಗೆದುಕೊಂಡು, ಒಂದಕ್ಕೆ ಒಂದು ಚಮಚ ಕುದಿನೀರು, ಇನ್ನೊಂದಕ್ಕೆ ಅದೇ ಪಾತ್ರೆಯಿಂದ ಅರ್ಧ ಲೋಟ ಕುದಿನೀರು ಹಾಕಿ ತಾಪಮಾಪಕ ಇಟ್ಟೆ. ಕುದಿನೀರನ್ನು ನಾನೇ ಸುರಿದೆ, ಅದನ್ನು ಮಕ್ಕಳ ಕೈಗೆ ಕೊಡಬಾರದು. ಎರಡೂ ಒಂದೇ ಪಾತ್ರೆಯ ನೀರು, ಒಂದೇ ತಾಪ. ಆದರೂ ಒಂದು ಲೋಟ ಬೆಚ್ಚಗೂ ಆಗಲಿಲ್ಲ, ಇನ್ನೊಂದು ಮುಟ್ಟಲಾಗದಷ್ಟು ಬಿಸಿಯಾಯಿತು. “ಚಮಚ ಕಿಡಿ, ಲೋಟ ತಂತಿ” ಎಂದು ಒಬ್ಬ ಹುಡುಗಿ ತಾನಾಗಿಯೇ ಹೇಳಿದಳು. ಅಲ್ಲಿಗೆ ನನ್ನ ಕೆಲಸ ಅರ್ಧ ಮುಗಿದಿತ್ತು.

ಇನ್ನರ್ಧ ಬಣ್ಣಕ್ಕೆ ಸಂಬಂಧಿಸಿದ್ದು. ಕಾದ ಕಬ್ಬಿಣ ಕೆಂಪಾಗಿ ಕಾಣುತ್ತದೆ ಎಂದು ಎಲ್ಲರೂ ಬಲ್ಲರು. ಆದರೆ ಸುಮಾರು 525 ಡಿಗ್ರಿಗಿಂತ ಕೆಳಗೆ ಇಳಿದರೆ ಕತ್ತಲಲ್ಲಿ ಕೂಡ ಆ ಕೆಂಪು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಚರ್ಮ ಸುಡಲು 60 ಡಿಗ್ರಿ ಸಾಕು, ಅಷ್ಟರಲ್ಲೇ ಕೆಲವು ಸೆಕೆಂಡುಗಳಲ್ಲಿ ಗಾಯವಾಗುತ್ತದೆ. ಹಾಗಾದರೆ 525ರಿಂದ 60ರವರೆಗೆ ಇಳಿಯುವಷ್ಟು ಹೊತ್ತು ತಂತಿ ನೋಡುವುದಕ್ಕೆ ಕಪ್ಪಗೆ, ಆರಿದಂತೆ ಇರುತ್ತದೆ, ಮುಟ್ಟಿದರೆ ಸುಡುತ್ತದೆ. ಆ ಮಗುವಿನ ಅಂಗಾಲು ಸುಟ್ಟದ್ದು ಈ ಹೊತ್ತಿನಲ್ಲಿ. ಬೆಂಕಿ ಕಾಣುವಾಗ ಮಕ್ಕಳು ಎಚ್ಚರದಿಂದಿರುತ್ತಾರೆ, ಕಾಣದಾದ ಮೇಲೆ ಮೈಮರೆಯುತ್ತಾರೆ.

ನಮ್ಮ ಬೆಳಗಾವಿಯ ಹಬ್ಬದ ಅಂಗಳವನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು. ದೀಪಾವಳಿಗೆ ಇಲ್ಲಿನ ಮಕ್ಕಳು ಮಣ್ಣಿನ ಕಿಲ್ಲಾ ಕಟ್ಟುತ್ತಾರೆ, ಅದರ ಮೇಲೆ ಶಿವಾಜಿ ಮತ್ತು ಮಾವಳೆಯರ ಗೊಂಬೆ ಇಡುತ್ತಾರೆ. ಮನೆಯ ಮುಂದೆ ರಂಗೋಲಿ ಇರುತ್ತದೆ, ಅದನ್ನು ತುಳಿಯಬಾರದೆಂದು ಚಪ್ಪಲಿ ಮೂಲೆ ಸೇರಿರುತ್ತದೆ. ಎಲ್ಲರೂ ಬರಿಗಾಲಿನಲ್ಲಿ ಕಿಲ್ಲಾದ ಸುತ್ತ ಸುರಸುರಬತ್ತಿ ಹಿಡಿದು ಓಡಾಡುತ್ತಾರೆ. ಮುಗಿದ ತಂತಿಗಳನ್ನು ಕಿಲ್ಲಾದ ಬುರುಜಿಗೆ ಚುಚ್ಚುತ್ತೇವೆ ಎಂದು ಹಲವರು ಹೇಳಿದರು. ಹಾಗಾಗಿ ‘ಬಕೆಟ್ ನೀರು ಹತ್ತಿರ ಇಟ್ಟುಕೊಳ್ಳಿ’ ಎಂಬ ನಿಯಮವನ್ನು ತಿದ್ದಿದೆವು: ಬಕೆಟ್ ನೀರು ಸುರಸುರಬತ್ತಿ ಹಚ್ಚುವ ಜಾಗದಲ್ಲೇ ಇರಬೇಕು. ಒಂದು ಮುಗಿದ ಕೂಡಲೇ ಬಿಸಿ ತುದಿ ಕೆಳಗೆ ಮಾಡಿ ತಂತಿಯನ್ನು ಅದರಲ್ಲಿ ಅದ್ದಬೇಕು. ಆಮೇಲೆಯೇ ಇನ್ನೊಂದನ್ನು ಹಚ್ಚಬೇಕು. ಕಾಲಲ್ಲಿ ಚಪ್ಪಲಿ ಇರಲೇಬೇಕು, ರಂಗೋಲಿ ಬೇಕಾದರೆ ಇನ್ನೊಂದು ಮಗ್ಗುಲಿಗೆ ಹಾಕೋಣ. ನಾಲ್ಕೈದು ಬತ್ತಿಗಳನ್ನು ಒಟ್ಟಿಗೆ ಕಟ್ಟಿ ಹಚ್ಚುವ ಆಟವನ್ನೂ ಚರ್ಚಿಸಿದೆವು. ಒಂದರ ಬಿಸಿ ಪಕ್ಕದ್ದನ್ನು ಹೊತ್ತಿಸುವುದರಿಂದ ಎಲ್ಲವೂ ಒಮ್ಮೆಲೇ, ಎಣಿಸಿದ್ದಕ್ಕಿಂತ ಬೇಗ ಉರಿದು ಕೈ ಸೇರುತ್ತವೆ.

ಈಗ ನಾನು ಮಾಡಿದ ಎರಡನೇ ತಪ್ಪಿಗೆ ಬರುತ್ತೇನೆ. ಇದು ವಿಜ್ಞಾನದ ಪ್ರಶಿಕ್ಷಣಾರ್ಥಿಗಳೆಲ್ಲರೂ ಗಮನಿಸಬೇಕಾದದ್ದು, ಏಕೆಂದರೆ ಇದರ ಬೇರು ನಾವು ತರಗತಿಯಲ್ಲಿ ಮಾಡಿ ತೋರಿಸುವ ಪ್ರಯೋಗದಲ್ಲೇ ಇದೆ. ದಹನಕ್ಕೆ ಗಾಳಿ ಬೇಕು ಎಂದು ತೋರಿಸಲು ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಮುಚ್ಚುತ್ತೇವೆ. ಬತ್ತಿ ಆರುತ್ತದೆ. ಅಂದೂ ಮಾಡಿ ತೋರಿಸಿದ್ದೆ. ಎರಡನೇ ಬಾರಿ ಪಾಠ ಮಾಡುವಾಗ, ಹೊತ್ತಿದ ಪಟಾಕಿ ಯಾರದೋ ಕಾಲ ಬಳಿ ಉರುಳಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಜಾಣ ಹುಡುಗನೊಬ್ಬ ಥಟ್ಟನೆ ಹೇಳಿದ: “ಡಬ್ಬಿ ಮುಚ್ಚತೀನ್ರಿ ಟೀಚರ್. ಗಾಳಿ ಸಿಗಲಾರದಕ್ಕ ಆರತೈತಿ.”

ನನಗೆ ಎದೆ ಝಲ್ಲೆಂದಿತು. ಅವನು ನನ್ನ ಪ್ರಯೋಗವನ್ನು ಸರಿಯಾಗಿಯೇ ಕಲಿತಿದ್ದ, ನಾನು ಅದರ ಮಿತಿಯನ್ನು ಹೇಳಿರಲಿಲ್ಲ. ಪಟಾಕಿಯ ಮದ್ದಿಗೆ ಹೊರಗಿನ ಗಾಳಿ ಬೇಕಾಗಿಲ್ಲ. ಕಪ್ಪು ಮದ್ದಿನಲ್ಲಿ ಗಂಧಕ ಮತ್ತು ಇದ್ದಿಲಿನ ಜೊತೆ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಮ್ ನೈಟ್ರೇಟ್ ಇರುತ್ತದೆ. ಬಿಸಿಯಾದಾಗ ಆಮ್ಲಜನಕ ಒದಗಿಸುವುದು ಆ ಉಪ್ಪು. ಮದ್ದು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿದೆ ಎಂದು ಮಕ್ಕಳಿಗೆ ಹೇಳಿದೆ. ಆದ್ದರಿಂದ ಮುಚ್ಚಿದರೂ ಮರಳು ಸುರಿದರೂ ಅದು ಆರುವುದಿಲ್ಲ. ಮರಳಿನ ಬುಟ್ಟಿ ಉಪಯೋಗಕ್ಕೆ ಬರುವುದು ಸುತ್ತಮುತ್ತಲ ಕಸಕಡ್ಡಿಗೆ ಹತ್ತಿದ ಬೆಂಕಿಗೆ ಮತ್ತು ಮುಗಿದ ತಂತಿ ಚುಚ್ಚಲು ಮಾತ್ರ.

ಮುಚ್ಚಿದರೆ ಆರುವುದಿಲ್ಲ ಎಂಬಷ್ಟಕ್ಕೆ ಮಾತು ಮುಗಿಯುವುದಿಲ್ಲ, ಮುಚ್ಚಿದರೆ ಅಪಾಯ ಹೆಚ್ಚುತ್ತದೆ. ಕಪ್ಪು ಮದ್ದನ್ನು ಬಯಲಲ್ಲಿ ಹರಡಿ ಹಚ್ಚಿದರೆ ಭುಸ್ಸೆಂದು ಉರಿದುಹೋಗುತ್ತದೆ. ಅದನ್ನೇ ಕಾಗದದಲ್ಲಿ, ಸುತಳಿಯಲ್ಲಿ ಬಿಗಿಯಾಗಿ ಸುತ್ತಿದಾಗ ಹುಟ್ಟಿದ ಅನಿಲಕ್ಕೆ ಹೊರದಾರಿ ಇಲ್ಲದೆ ಒತ್ತಡ ಏರಿ ಸಿಡಿಯುತ್ತದೆ. ಇದನ್ನು ತೋರಿಸಲು ಪಟಾಕಿ ಬೇಡ, ಒಂದು ಕಾಗದದ ಚೀಲ ಸಾಕು. ಊದಿ ಬಾಯಿ ಬಿಟ್ಟರೆ ಗಾಳಿ ಸುಮ್ಮನೆ ಹೋಗುತ್ತದೆ, ಬಾಯಿ ಹಿಡಿದು ಗುದ್ದಿದರೆ ಢಮ್ ಎನ್ನುತ್ತದೆ. ಡಬ್ಬಿ, ತೆಂಗಿನ ಚಿಪ್ಪು, ಮಡಕೆ ಮುಚ್ಚಿ ಪಟಾಕಿ ಹೊಡೆಯುವ ಆಟದಲ್ಲಿ ನಾವು ಮಾಡುವುದು ಬಾಯಿ ಹಿಡಿಯುವ ಕೆಲಸವನ್ನೇ. ಅದರ ಮೇಲೆ ಡಬ್ಬಿಯ ಚೂರು ಗುಂಡಿನಂತೆ ಹಾರುತ್ತದೆ. 2024ರ ದೀಪಾವಳಿಯಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಯುವಕನೊಬ್ಬ ಗೆಳೆಯರ ಜೊತೆ ಪಂಥ ಕಟ್ಟಿ, ಪಟಾಕಿ ಮುಚ್ಚಿಟ್ಟ ಡಬ್ಬದ ಮೇಲೆ ಕುಳಿತು ಸತ್ತ ಸುದ್ದಿಯನ್ನು ಆ ಮಕ್ಕಳು ಮೊಬೈಲಿನಲ್ಲಿ ನೋಡಿಯೇ ಇದ್ದರು. ಗೆದ್ದರೆ ಆಟೋ ರಿಕ್ಷಾ ಕೊಡಿಸುತ್ತೇವೆ ಎಂದಿದ್ದರಂತೆ. ನೋಡಿ ನಕ್ಕವರೂ ಇದ್ದರು. ಕಾಗದದ ಚೀಲ ಒಡೆದ ಮೇಲೆ ತರಗತಿಯಲ್ಲಿ ನಗು ಇರಲಿಲ್ಲ.

ಹಾಗಾದರೆ ಉರುಳಿ ಬಂದ ಪಟಾಕಿಗೆ ಏನು ಮಾಡಬೇಕು? ಅದರಿಂದ ದೂರ ಓಡಬೇಕು, ಅಷ್ಟೇ. ‘ಠುಸ್’ ಆದ ಪಟಾಕಿಯ ವಿಷಯವೂ ಹೀಗೆಯೇ. ಬತ್ತಿ ಒಳಗೆ ಕಾಣದಂತೆ ಕನಿಯುತ್ತಿರಬಹುದು. ಬಗ್ಗಿ ಊದಿ ನೋಡುವವರ ಮುಖ ಸರಿಯಾಗಿ ಅದರ ಮೇಲೆಯೇ ಇರುತ್ತದೆ. ಅರ್ಧ ಗಂಟೆಯಾದರೂ ಬಿಟ್ಟು, ಉದ್ದ ಕೋಲಿಗೆ ಕಟ್ಟಿದ ಚೊಂಬಿನಿಂದಲೋ ದೂರದಿಂದ ಎರಚಿಯೋ ನೀರು ಹಾಕಿ ನೆನೆಸಬೇಕು. ಮರುದಿನ ಬೆಳಗ್ಗೆ ರಸ್ತೆಯಲ್ಲಿ ಠುಸ್ ಪಟಾಕಿ ಆರಿಸಿ, ಒಡೆದು, ಮದ್ದನ್ನೆಲ್ಲ ಪೇಪರಿಗೆ ಸುರಿದು ಕಡ್ಡಿ ಗೀರುವುದು ನಮ್ಮಲ್ಲಿ ಹಬ್ಬದಷ್ಟೇ ಹಳೆಯ ಪದ್ಧತಿ. ನಾನೂ ಮಾಡಿದ್ದೇನೆ, ನನ್ನ ಹುಬ್ಬು ಒಮ್ಮೆ ಸುಟ್ಟಿದೆ. ಈಗಿನ ಸದ್ದಿನ ಪಟಾಕಿಗಳಲ್ಲಿ ಅಲ್ಯೂಮಿನಿಯಮ್ ಪುಡಿ ಬೆರೆತ ಮದ್ದು ಇರುತ್ತದೆ. ಅದು ಕಪ್ಪು ಮದ್ದಿಗಿಂತ ಎಷ್ಟೋ ಬೇಗ ಹೊತ್ತುತ್ತದೆ, ಕಡ್ಡಿ ಬಿಟ್ಟು ಕೈ ಹಿಂದೆ ತೆಗೆಯುವಷ್ಟು ಸಮಯ ಸಿಗುವುದಿಲ್ಲ.

ಒಂದರ ಕಿಡಿ ಇನ್ನೊಂದಕ್ಕೆ ಬೆಂಕಿ ಎಂಬುದು ಮನೆಯಲ್ಲಿ ಪಟಾಕಿ ಎಲ್ಲಿಡುತ್ತೇವೆ ಎಂಬ ಪ್ರಶ್ನೆಗೆ ಸೇರಿದ್ದು. ನನ್ನ ಮೊದಲ ಪಾಠದ ವಾರದಲ್ಲೇ, ಅಕ್ಟೋಬರ್ 28ರ ರಾತ್ರಿ, ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೇವಸ್ಥಾನದಲ್ಲಿ ತೆಯ್ಯಂ ನೋಡಲು ಸೇರಿದ್ದ ಜನರ ಪಕ್ಕದಲ್ಲೇ ಪಟಾಕಿ ಸಂಗ್ರಹ ಸಿಡಿದು 150ಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು, ಕೆಲವರು ನಂತರ ಸತ್ತರು. ಹಾರಿಸಿದ ಪಟಾಕಿಯ ಕಿಡಿ ಸಂಗ್ರಹದ ಮೇಲೆ ಬಿತ್ತೆಂದು ವರದಿಯಾಗಿತ್ತು. ಅದರ ಹಿಂದಿನ ವರ್ಷ, 2023ರ ಆಗಸ್ಟ್ ಕೊನೆಗೆ ಹಾವೇರಿ ಹತ್ತಿರದ ಆಲದಕಟ್ಟಿಯ ಗೋದಾಮಿನಲ್ಲಿ ಕಾರ್ಮಿಕರು ಸುಟ್ಟು ಸತ್ತರು. ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಅಂಗಡಿಯ ಬೆಂಕಿಯಲ್ಲಿ ಹದಿನಾಲ್ಕಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಬಹುಪಾಲು ಹಬ್ಬದ ದಿನಗಳ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ಹುಡುಗರು. ಇವನ್ನು ಹೇಳಿ ಮಕ್ಕಳನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ನಿಮ್ಮ ಮನೆಯಲ್ಲಿ ಪಟಾಕಿ ಎಲ್ಲಿದೆ ಎಂದು ಕೇಳಿದಾಗ ಬಂದ ಉತ್ತರಗಳು ಹೀಗಿದ್ದವು: ಅಡುಗೆ ಮನೆಯ ಅಟ್ಟ, ದೇವರ ಕಟ್ಟೆಯ ಕೆಳಗೆ, ಹಚ್ಚುವ ಜಾಗದ ಪಕ್ಕದಲ್ಲೇ ತೆರೆದ ಪೆಟ್ಟಿಗೆ. ಒಬ್ಬನ ಜೇಬಿನಲ್ಲೇ ಇತ್ತು. ಒಂದು ಮುಚ್ಚಳದ ಡಬ್ಬ, ಒಲೆಯಿಂದಲೂ ದೀಪದಿಂದಲೂ ಹಚ್ಚುವ ಜಾಗದಿಂದಲೂ ದೂರ, ಒಮ್ಮೆಗೆ ಒಂದನ್ನೇ ತೆಗೆಯುವುದು ಎಂಬುದನ್ನು ಅವರೇ ತೀರ್ಮಾನಿಸಿದರು.

ಕಣ್ಣಿನ ಮಾತು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲಿ ಪಟಾಕಿ ಗಾಯದ ರೋಗಿಗಳು ಬರುತ್ತಾರೆ. ಅವರಲ್ಲಿ ಮಕ್ಕಳು ಹೆಚ್ಚು. ತಾವು ಹಚ್ಚದೆ ಸುಮ್ಮನೆ ನೋಡುತ್ತ ನಿಂತವರು, ದಾರಿಯಲ್ಲಿ ಹೋಗುತ್ತಿದ್ದವರೂ ಇರುತ್ತಾರೆ. ಆದ್ದರಿಂದ ‘ನಾನು ಹಚ್ಚುವುದಿಲ್ಲ, ನನಗೇನು’ ಎನ್ನುವ ಮಕ್ಕಳನ್ನೂ ಪಾಠಕ್ಕೆ ಸೇರಿಸಿಕೊಳ್ಳಬೇಕು. ಹಚ್ಚುವವರು ಉದ್ದ ಊದುಬತ್ತಿ ಹಿಡಿದು, ಮುಖವನ್ನು ಪಟಾಕಿಯ ನೇರಕ್ಕೆ ತರದೆ, ಮಗ್ಗುಲಿಂದ ಕೈಚಾಚಿ ಹಚ್ಚಬೇಕು. ಸಾಮಾನ್ಯ ಕನ್ನಡಕವಾದರೂ ಇದ್ದರೆ ಇಲ್ಲದ್ದಕ್ಕಿಂತ ಒಳ್ಳೆಯದು. ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು, ಮನೆಯಲ್ಲಿರುವ ಮುಲಾಮು ಹಾಕಬಾರದು. ಕಣ್ಣನ್ನು ಮುಟ್ಟದಂತೆ ಮೇಲೆ ಒಂದು ಕಾಗದದ ಲೋಟದ ತಳ ಕತ್ತರಿಸಿ ಅಂಟಿಸಿ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಸುಟ್ಟ ಗಾಯಕ್ಕೆ ಏನು ಹಚ್ಚುತ್ತೀರಿ ಎಂದು ಕೇಳಿದಾಗ ಕಪ್ಪು ಹಲಗೆ ತುಂಬಿತು: ಟೂತ್‌ಪೇಸ್ಟ್, ಪೆನ್ನಿನ ಶಾಯಿ, ತುಪ್ಪ, ಅರಿಶಿನ, ದೋಸೆ ಹಿಟ್ಟು, ಐಸ್. ಆ ಪುಟ್ಟ ಮಗುವಿನ ಅಂಗಾಲಿಗೂ ಪೇಸ್ಟ್ ಹಚ್ಚಿದ್ದರು, ಆಸ್ಪತ್ರೆಯಲ್ಲಿ ಅದನ್ನು ತೊಳೆಯುವಾಗ ಸುಟ್ಟದ್ದಕ್ಕಿಂತ ಹೆಚ್ಚು ಅತ್ತಿತಂತೆ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದೇ ಪ್ರಥಮ ಚಿಕಿತ್ಸೆ. ಬೆಂಕಿ ಹೋದ ಮೇಲೂ ಉಷ್ಣ ಚರ್ಮದ ಒಳಪದರಕ್ಕೆ ಇಳಿಯುತ್ತಲೇ ಇರುತ್ತದೆ, ನೀರು ಅದನ್ನು ಹೊರಗೆ ಎಳೆಯುತ್ತದೆ. ತುಪ್ಪ, ಪೇಸ್ಟ್ ಹಚ್ಚಿದರೆ ಆ ಉಷ್ಣ ಒಳಗೇ ಉಳಿಯುತ್ತದೆ. ಬಳೆ, ಉಂಗುರ, ಕಾಲ್ಗೆಜ್ಜೆಯನ್ನು ಬಾವು ಬರುವ ಮೊದಲೇ ತೆಗೆಯಬೇಕು. ಆಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿದರೆ ಸಾಕು. ಇಪ್ಪತ್ತು ನಿಮಿಷ ಎಂದರೆ ಎಷ್ಟು ಉದ್ದ ಎಂದು ತಿಳಿಯಲು ಒಬ್ಬನನ್ನು ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲಿಸಿದೆ. ಮೂರನೇ ನಿಮಿಷಕ್ಕೇ “ಆತೇನ್ರಿ?” ಎಂದು ಕೇಳಿದ.

ಸದ್ದಿಗೆ ನಿಯಮ ಇದೆ: ಸಿಡಿಯುವ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಎಂಟು ಮೀಟರಿಗೆ 119, ಹದಿನಾರಕ್ಕೆ 113. ಮಕ್ಕಳು ಈ ಲೆಕ್ಕವನ್ನು ಖುಷಿಯಿಂದ ಮಾಡಿದರು. ಆದರೆ ಶಹಾಪುರ, ವಡಗಾವಿಯಂಥ ಕಡೆ ಗಲ್ಲಿಗಳು ಇಕ್ಕಟ್ಟು, ಎರಡೂ ಬದಿ ಗೋಡೆ. ಸದ್ದು ಗೋಡೆಗೆ ಬಡಿದು ಮರಳುವುದರಿಂದ ಅಷ್ಟು ಇಳಿಯುವುದಿಲ್ಲ. ಅಲ್ಲಿಯ ಮನೆಗಳಲ್ಲಿ ಬಾಣಂತಿಯರು, ಮುದುಕರು, ಹೆದರಿ ಮಂಚದ ಕೆಳಗೆ ಸೇರುವ ನಾಯಿಗಳು ಇರುತ್ತವೆ. 2018ರ ಅಕ್ಟೋಬರ್ 23ರ ಸುಪ್ರೀಂ ಕೋರ್ಟ್ ಆದೇಶ ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದದ್ದು, ಸರಪಟಾಕಿಯನ್ನು ನಿಷೇಧಿಸಿದ್ದು ಮಕ್ಕಳಿಗೆ ಗೊತ್ತೇ ಇರಲಿಲ್ಲ. ದೊಡ್ಡವರಿಗೂ ಗೊತ್ತಿಲ್ಲ, ಅಥವಾ ಗೊತ್ತಿಲ್ಲದಂತೆ ಇರುತ್ತಾರೆ.

‘ಹಸಿರು ಪಟಾಕಿ’ ಎಂಬ ಹೆಸರು ತರಗತಿಯಲ್ಲಿ ಒಳ್ಳೆಯ ತಮಾಷೆಗೆ ಕಾರಣವಾಯಿತು. ಅದು ಹಸಿರು ಬೆಳಕು ಕೊಡುವ ಪಟಾಕಿ ಎಂದು ಅರ್ಧ ತರಗತಿ ನಂಬಿತ್ತು. ನಿಜ ನೋಡಿದರೆ ಪಟಾಕಿಯಲ್ಲಿ ಹಸಿರು ಬಣ್ಣ ತರುವುದು ಬೇರಿಯಮ್ ಲವಣ, ಸುಪ್ರೀಂ ಕೋರ್ಟ್ ನಿಷೇಧಿಸಿದ್ದು ಅದನ್ನೇ! ನಾಗಪುರದ ನೀರಿ ಸಂಸ್ಥೆ ರೂಪಿಸಿದ ಸೂತ್ರದ ಈ ಪಟಾಕಿಗಳು ಹೊಗೆಯ ಕಣಗಳನ್ನು ಸುಮಾರು ಶೇ. 30ರಷ್ಟು ಕಡಿಮೆ ಮಾಡುತ್ತವೆ. ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. ಆದರೆ ಸುಡುವ ವಿಷಯದಲ್ಲಿ ಅವು ಸಾದಾ ಪಟಾಕಿಯಂತೆಯೇ. ಹಸಿರು ಎಂದರೆ ಕೈಯಲ್ಲಿ ಹಿಡಿಯಬಹುದು ಎಂದಲ್ಲ. ಹೊಗೆಯ ಮಾತು ಬಂದದ್ದಕ್ಕೆ ಇನ್ನೊಂದು: ಎಲ್ಲಕ್ಕಿಂತ ನಿರುಪದ್ರವಿ ಎಂದು ಪುಟ್ಟ ಮಕ್ಕಳಿಗೆ ಕೊಡುವ ಹಾವಿನ ಗುಳಿಗೆಯೇ ಅತಿ ಸೂಕ್ಷ್ಮ ಕಣಗಳನ್ನು ಅತಿ ಹೆಚ್ಚು ಬಿಡುತ್ತದೆ ಎಂದು ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ ಅಳೆದು ತೋರಿಸಿದೆ. ಮಕ್ಕಳು ಅದರ ಮೇಲೆ ಬಗ್ಗಿ ಕುಳಿತು ಹಾವು ಏಳುವುದನ್ನು ನೋಡುತ್ತಾರೆ.

ನವೆಂಬರಿನಲ್ಲಿ ಖಾನಾಪುರದ ಹಳ್ಳಿಗೆ ಹೋದಾಗ ತಿದ್ದಿದ ಪಾಠ ನನ್ನ ಕೈಯಲ್ಲಿತ್ತು, ಧೈರ್ಯವೂ ಇತ್ತು. ದೀಪಾವಳಿ ಮುಗಿದಿದ್ದರೂ ನಮ್ಮ ಕಡೆ ತುಳಸಿ ಲಗ್ನ ಆಗುವವರೆಗೆ ಪಟಾಕಿ ನಿಲ್ಲುವುದಿಲ್ಲ, ಅದಕ್ಕಿನ್ನೂ ಎರಡು ದಿನ ಇತ್ತು. ಅಲ್ಲಿ ಹೋದ ಮೇಲೆ ಗೊತ್ತಾಯಿತು, ನನ್ನ ಎರಡನೇ ಪಾಠವೂ ಪೇಟೆಯ ಪಾಠವೇ. ‘ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ’ ಎಂದೆ. ಆ ಊರಿನಲ್ಲಿ ನಲ್ಲಿ ಬರುವುದು ಬೆಳಗ್ಗೆ ಒಂದು ಹೊತ್ತು. ಹಾಗಾದರೆ ಸಂಜೆಯೇ ಎರಡು ಕೊಡ ತುಂಬಿ ಅಂಗಳದಲ್ಲಿಡಬೇಕು, ಚೊಂಬಿನಿಂದ ನಿಧಾನವಾಗಿ ಹನಿಸಬೇಕು, ಕೆಳಗೆ ಬುಟ್ಟಿ ಇಟ್ಟು ಅದೇ ನೀರನ್ನು ಮತ್ತೆ ಹಾಕಬಹುದು ಎಂದು ಮಕ್ಕಳೇ ದಾರಿ ಹುಡುಕಿದರು. ‘ನೇರ ಆಸ್ಪತ್ರೆಗೆ’ ಎಂದೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್, ಕಾಡಿನ ಅಂಚಿನ ಹಳ್ಳಿಗಳಿಂದ ಖಾನಾಪುರಕ್ಕೇ ಇನ್ನಷ್ಟು. ರಾತ್ರಿ ಬಸ್ಸಿಲ್ಲ. 108ಕ್ಕೆ ಫೋನ್ ಮಾಡಲು ಊರಿನ ಯಾವ ಜಾಗದಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ಅಲ್ಲಿ ಸುರಕ್ಷತೆಯ ಮೊದಲ ಪಾಠವಾಗಬೇಕು. ಮಕ್ಕಳಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

‘ಬಯಲಿನಲ್ಲಿ ಹಚ್ಚಿ’ ಎಂಬ ನಿಯಮವೂ ಅಲ್ಲಿ ತಲೆಕೆಳಗು. ನವೆಂಬರಿನಲ್ಲಿ ಬಯಲೆಂದರೆ ಕೊಯ್ದ ಭತ್ತ, ಒಣಗಿದ ಕೂಳೆ, ಹುಲ್ಲಿನ ಬಣವಿ. ರಾಕೆಟ್ ಎಲ್ಲಿ ಇಳಿಯುತ್ತದೆ ಎಂದು ಯಾರೂ ಹೇಳಲಾರರು, ಬಣವಿ ಸುಟ್ಟರೆ ದನಗಳಿಗೆ ವರ್ಷದ ಮೇವು ಹೋಯಿತು. ಕೊಟ್ಟಿಗೆಯ ಹತ್ತಿರ ಸರ ಹೊಡೆದಾಗ ಎಮ್ಮೆ ಹಗ್ಗ ಹರಿದುಕೊಂಡು ಓಡಿದ್ದನ್ನು ಒಬ್ಬಳು ನಕ್ಕು ಹೇಳಿದಳು, ಆಮೇಲೆ “ಎರಡ ದಿನ ಹಾಲ ಕೊಡಲಿಲ್ರಿ” ಎಂದು ಸೇರಿಸಿದಳು. ಆ ಊರಿಗೆ ಹೊಂದುವ ನಿಯಮ ಬೇರೆಯಾಯಿತು: ರಾಕೆಟ್ ಬೇಡವೇ ಬೇಡ, ಹೂಕುಂಡ, ಚಕ್ರ ಏನಿದ್ದರೂ ಸಗಣಿ ಸಾರಿಸಿದ ಕಣದ ನಡುವೆ, ಬಣವಿಯ ಗಾಳಿಮುಖ ನೋಡಿಕೊಂಡು.

ನನ್ನನ್ನು ನಿಲ್ಲಿಸಿದ ಪ್ರಶ್ನೆ ಬಂದದ್ದು ಕೊನೆಗೆ. ‘ಪಟಾಕಿಯನ್ನು ಕೈಯಲ್ಲಿ ಹಚ್ಚಿ ಎಸೆಯಬಾರದು’ ಎಂದು ಹೇಳಿ ಕಾರಣ ಕೇಳಿದೆ. ಬತ್ತಿಯ ಉದ್ದ ಒಂದೇ ಸಮ ಇರುವುದಿಲ್ಲ, ಕೆಲವು ಥಟ್ಟನೆ ಹೊತ್ತುತ್ತವೆ ಎಂದು ಸರಿಯಾಗಿಯೇ ಹೇಳಿದರು. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದ. “ಆನಿ ಬಂದಾಗ ನಮ್ಮಪ್ಪ ಹಂಗ ಒಗೀತಾನ್ರಿ. ನೆಲಕ್ಕ ಇಟ್ಟು ಹಚ್ಚಾಕ ಆನಿ ನಿಂದರತೈತೇನ್ರಿ?”

ದಾಂಡೇಲಿ ಕಾಡಿನ ಕಡೆಯಿಂದ ಭತ್ತ ಬಲಿಯುವ ಹೊತ್ತಿಗೆ ಆನೆ ಬರುವುದು ಖಾನಾಪುರದ ರೈತರಿಗೆ ಹೊಸದಲ್ಲ. ಕಾಡುಕೋಣ, ಹಂದಿಗಳೂ ಬರುತ್ತವೆ. ಅಲ್ಲಿ ಪಟಾಕಿ ಹಬ್ಬದ ವಸ್ತು ಮಾತ್ರವಲ್ಲ, ಹೊಲ ಕಾಯುವ ಸಾಧನ. ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಮಕ್ಕಳ ಕೈಗೆಟಕುವ ಗೂಡಿನಲ್ಲೇ ಇರುತ್ತದೆ. ನನ್ನ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನ ಅಪ್ಪ ತಪ್ಪು ಮಾಡುತ್ತಾನೆ ಎಂದು ಹೇಳುವ ಹಕ್ಕೂ ನನಗಿಲ್ಲ ಅನಿಸಿತು. ನಾನು ಹೇಳಿದ್ದು ಇಷ್ಟು: ಅಪ್ಪನ ಜೊತೆ ಹೋಗುವ ಮಕ್ಕಳು ಬ್ಯಾಟರಿ ಹಿಡಿಯಿರಿ, ಪಟಾಕಿ ಹಿಡಿಯಬೇಡಿ. ಹೊಲದ ಪಟಾಕಿ ಮನೆಯ ಒಳಗೆ ಬೀಗ ಹಾಕುವ ಪೆಟ್ಟಿಗೆಯಲ್ಲಿರಲಿ. ಕಾಡಿನಂಚಿನಲ್ಲಿ ಹಿಟ್ಟಿನ ಉಂಡೆಯಂತೆ ಸುತ್ತಿದ ಏನೇ ಬಿದ್ದಿದ್ದರೂ ಮುಟ್ಟಬೇಡಿ, ದನವನ್ನೂ ಬಿಡಬೇಡಿ. ಅದು ಹಂದಿಗೆ ಇಟ್ಟ ಸಿಡಿಮದ್ದಾಗಿರಬಹುದು. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಇಂಥ ಮದ್ದು ಬಾಯಲ್ಲಿ ಸಿಡಿದು ಗರ್ಭಿಣಿ ಆನೆ ಹೊಳೆಯಲ್ಲಿ ನಿಂತಲ್ಲೇ ಸತ್ತದ್ದನ್ನು ಹೇಳಿದೆ. ಹುಡುಗ ಕುಳಿತ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಮಾರ್ಗದರ್ಶಕ ಶಿಕ್ಷಕರು ಆಮೇಲೆ, ಈ ಪಾಠಕ್ಕೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರನ್ನು ಕರೆಸಬೇಕಿತ್ತು ಎಂದರು. ಅದು ನನಗೆ ಹೊಳೆದಿರಲಿಲ್ಲ.

ಮೌಲ್ಯಮಾಪನವನ್ನೂ ಬದಲಿಸಿದ್ದೇನೆ. ‘ಪಟಾಕಿ ಹಚ್ಚುವಾಗ ಪಾಲಿಸಬೇಕಾದ ಐದು ನಿಯಮ ಬರೆಯಿರಿ’ ಎಂಬ ಪ್ರಶ್ನೆಗೆ ಮೊದಲ ತರಗತಿಯಲ್ಲಿ ಬಹುತೇಕ ಎಲ್ಲರೂ ಪೂರ್ಣ ಅಂಕ ಪಡೆದಿದ್ದರು, ತಂಗಿಯ ಕಾಲು ಸುಟ್ಟ ಹುಡುಗನೂ. ಈಗ ಸನ್ನಿವೇಶ ಕೊಟ್ಟು ‘ಮೊದಲು ಏನು ಮಾಡುವೆ, ಏಕೆ?’ ಎಂದು ಕೇಳುತ್ತೇನೆ. ತಿದ್ದಲು ಹೊತ್ತು ಹಿಡಿಯುತ್ತದೆ, ಉತ್ತರಗಳು ಗೋಜಲಾಗಿರುತ್ತವೆ. ಆದರೆ ಯಾರಿಗೆ ಯಾವುದು ಅರ್ಥವಾಗಿಲ್ಲ ಎಂದು ತಿಳಿಯುತ್ತದೆ.

ಮುಂದಿನ ತಂಡ ಡಿಸೆಂಬರಿನಲ್ಲಿ ನಗರದ ಶಾಲೆಗೆ ಹೋಗುತ್ತದೆ. ಆ ತಿಂಗಳ ಕೊನೆಗೆ ಕ್ಯಾಂಪ್ ಪ್ರದೇಶದಲ್ಲಿ, ಈಗೀಗ ಬೇರೆ ಬಡಾವಣೆಗಳಲ್ಲೂ, ಹೊಸ ವರ್ಷಕ್ಕೆ ‘ಓಲ್ಡ್ ಮ್ಯಾನ್’ ಸುಡುತ್ತಾರೆ. ಹುಲ್ಲು, ಹಳೆ ಬಟ್ಟೆ ತುಂಬಿದ ಆ ಗೊಂಬೆಯ ಹೊಟ್ಟೆಯಲ್ಲಿ ಹುಡುಗರು ಪಟಾಕಿ ಇಡುತ್ತಾರೆ. ಯಾವುದು ಯಾವಾಗ ಸಿಡಿಯುತ್ತದೆ, ಯಾವುದು ಸಿಡಿಯದೆ ಬೂದಿಯೊಳಗೆ ಉಳಿಯುತ್ತದೆ ಎಂದು ಇಟ್ಟವರಿಗೂ ಗೊತ್ತಿರುವುದಿಲ್ಲ. ಮಕ್ಕಳು ಸುತ್ತ ಎಷ್ಟು ದೂರ ನಿಲ್ಲುತ್ತಾರೆ, ಮರುದಿನ ಆ ಬೂದಿಯನ್ನು ಯಾರು ಕೆದಕುತ್ತಾರೆ ಎಂದು ನಾನು ಕೇಳಿಕೊಂಡು ಬರಲಾಗಲಿಲ್ಲ. ಹೋಗುವವರು ಪಾಠಯೋಜನೆ ಬರೆಯುವ ಮೊದಲು ಅದನ್ನು ಮಕ್ಕಳಿಂದ ಕೇಳಿಕೊಳ್ಳಿ. ಕಾಗದದ ಚೀಲಗಳು ಮತ್ತು ತಾಪಮಾಪಕ ನಮ್ಮ ವಿಜ್ಞಾನ ಪ್ರಯೋಗಾಲಯದ ಎರಡನೇ ಕಪಾಟಿನಲ್ಲಿವೆ.